ಪೈಲಟ್ ಟೋಪಿಗೆ ಹರಳೆಣ್ಣೆ ಬೇಡ: ಒಂದು ಟೈಪ್ ಸಿ ಹೆಲ್ಮೆಟ್ ರಿಪೇರಿ

ಮಲ್ಲೇಶ್ವರದಲ್ಲಿ ಗೆಳೆಯನ ಮನೆಯವರು ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಸಿಕ್ಕಿದ್ದು ಇದು. ಕಂದು ಬಣ್ಣದ ಚರ್ಮದ ಟೋಪಿ, ಎರಡೂ ಕಿವಿಯ ಹತ್ತಿರ ದಪ್ಪ ಕಪ್ಪು ರಬ್ಬರ್ ಬಟ್ಟಲು, ಗಲ್ಲದ ಕೆಳಗೆ ಕಟ್ಟುವ ಪಟ್ಟಿ, ಹಿಂದೆ ಗಾಗಲ್ಸ್ ಸಿಕ್ಕಿಸೋಕೆ ಪುಟ್ಟ ಪಟ್ಟಿಗಳು. ಮೇಲೆಲ್ಲ ಬಿಳಿ ಬಿಳಿ ಕಲೆ, ಟಿಚ್ ಬಟನ್ ಸುತ್ತ ಹಸಿರು ಕಿಲುಬು. ಒಂದು ಕಡೆಯ ವೈರು ಅರ್ಧಕ್ಕೇ ತುಂಡಾಗಿದೆ. ಮನೆಯವರ ಪ್ರಕಾರ ಇದು ಎರಡನೇ ಮಹಾಯುದ್ಧದ ಫೈಟರ್ ಪೈಲಟ್ ಟೋಪಿ. ಚೆನ್ನಾಗಿ ಪಾಲಿಶ್ ಹೊಡೆಸಿ ಗಾಜಿನ ಡಬ್ಬದಲ್ಲಿ ಇಡಬೇಕು ಅಂತ ಅವರ ಆಸೆ. ಗೆಳೆಯನ ಅಮ್ಮ ಆಗಲೇ ಕೈಯಲ್ಲಿ ಬಾಟಲಿ ಹಿಡಿದಿದ್ದರು: "ಸ್ವಲ್ಪ ಹರಳೆಣ್ಣೆ ತಿಕ್ಕಿದ್ರೆ ಮೆತ್ತಗಾಗುತ್ತಲ್ಲಪ್ಪ?"

ಬೇಡ ಆಂಟಿ, ಮೊದಲು ಇದು ಏನು ಅಂತ ತಿಳ್ಕೊಳ್ಳೋಣ ಅಂದೆ. ಸುಮ್ನೆ ಹೇಳಿದ ಮಾತಲ್ಲ ಅದು. ಇಂಥ ವಸ್ತುವಿನಲ್ಲಿ ಗುರುತು ಹಿಡಿಯೋಕೆ ಬೇಕಾದ ಸುಳಿವು ಇರುವುದೇ ಕೊಳೆ, ಹೊಲಿಗೆ, ಅಳಿಸಿಹೋದ ಶಾಯಿ, ಖಾಲಿ ತೂತುಗಳಲ್ಲಿ. ಒಮ್ಮೆ ಎಣ್ಣೆ ಬಿತ್ತೋ, ಅರ್ಧ ಸುಳಿವು ಮಾಯ. ಮತ್ತೆ ತೆಗೆಯೋಕೂ ಆಗಲ್ಲ.

ಮುಟ್ಟುವ ಮುಂಚೆ ಒಂದು ಮಾತು. ಹಳೇ ಚರ್ಮದ ಸಾಮಾನಿನ ಮಡಿಕೆಯಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟೇ ಆಗಿರಬೇಕಿಲ್ಲ. ನಮ್ಮ ಕಡೆ ಒಂದು ಕಾಲದಲ್ಲಿ ಬಟ್ಟೆಬರೆಗೆ, ಪೆಟ್ಟಿಗೆಗೆ ಡಿಡಿಟಿ, ಗ್ಯಾಮಕ್ಸಿನ್ ಅನ್ನುವ ಕೀಟನಾಶಕ ಪುಡಿ ಉದುರಿಸುವುದು ಮಾಮೂಲಾಗಿತ್ತು. ಆ ಪುಡಿ ಎಷ್ಟು ವರ್ಷ ಆದರೂ ಹಾಗೇ ಉಳಿಯುತ್ತೆ. ಹಾಗಾಗಿ ನೈಟ್ರೈಲ್ ಗ್ಲೌಸು, ಎನ್95 ಮಾಸ್ಕು, ಬಾಲ್ಕನಿಯ ಟೇಬಲ್ಲು, ಕೆಳಗೆ ಬಿಳಿ ಹಾಳೆ. ಉದುರಿದ್ದೆಲ್ಲ ಆ ಹಾಳೆ ಮೇಲೆ ಬೀಳಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ. ಮತ್ತೆ, ತಲೆಗೆ ಹಾಕಿಕೊಂಡು ಸೆಲ್ಫಿ ತೆಗೆಯೋ ಆಸೆ ಎಲ್ಲರಿಗೂ ಬರುತ್ತೆ, ಅದನ್ನ ಬಿಟ್ಟುಬಿಡಿ. ಒಣಗಿದ ಚರ್ಮ ಅಗಲಿಸಿದರೆ ಹಣೆಯ ಹೊಲಿಗೆಯೇ ಮೊದಲು ಬಿಡುತ್ತೆ.

ಈಗ ಗುರುತಿನ ವಿಷಯ. ಯುದ್ಧಕಾಲದಲ್ಲಿ ಭಾರತೀಯ ವಾಯುಪಡೆಗೆ ಬರುತ್ತಿದ್ದ ಹಾರಾಟದ ಉಡುಪು ಹೆಚ್ಚಿನದು ಬ್ರಿಟಿಷ್ ರಾಯಲ್ ಏರ್‌ಫೋರ್ಸ್‌ನ ಮಾದರಿಯದೇ. ಹಾಗಾಗಿ ಇಲ್ಲಿ ಸಿಗುವ ಟೋಪಿ ನೋಡುವಾಗ ಮೊದಲು ಅವರ ಪಟ್ಟಿಯನ್ನೇ ಹಿಡಿದುಕೊಂಡು ಶುರು ಮಾಡಬೇಕು. ಟೈಪ್ ಬಿ 1930ರ ದಶಕದ್ದು, ಬ್ಯಾಟಲ್ ಆಫ್ ಬ್ರಿಟನ್, ಅಂದರೆ 1940ರಲ್ಲಿ ಬ್ರಿಟನ್ ಮೇಲೆ ಜರ್ಮನಿ ಜೊತೆ ನಡೆದ ಆಕಾಶಯುದ್ಧದ ಫೋಟೋಗಳಲ್ಲಿ ಕಾಣುವುದು ಅದೇ. ಅದರ ಕಿವಿಯ ಭಾಗದಲ್ಲಿ ಉಬ್ಬಿದ ಚರ್ಮದ ಜೇಬು, ಅದಕ್ಕೆ ಜಿಪ್ಪು. ಟೈಪ್ ಸಿ 1941ರಲ್ಲಿ ಬಂತು. ಜಿಪ್ಪಿನ ಜೇಬು ಹೋಗಿ ಆ ಜಾಗಕ್ಕೆ ಅಚ್ಚು ಹಾಕಿದ ಕಪ್ಪು ರಬ್ಬರ್ ಬಟ್ಟಲು ಕೂತಿತು. ಟೈಪ್ ಡಿ ಮತ್ತು ಇ ಸೆಕೆಯ ದೇಶಗಳಿಗೆ ಅಂತ ಮಾಡಿದ ಬಟ್ಟೆಯ ಟೋಪಿಗಳು. ಬರ್ಮಾ ಕಡೆಯ ಫೋಟೋಗಳಲ್ಲಿ ಅವೂ ಕಾಣುತ್ತವೆ, ಚರ್ಮದವೂ ಕಾಣುತ್ತವೆ. ನಮ್ಮ ಕೈಲಿರುವುದು ಚರ್ಮ, ಜಿಪ್ಪಿಲ್ಲ, ರಬ್ಬರ್ ಬಟ್ಟಲು ಇದೆ. ಅಂದರೆ ಟೈಪ್ ಸಿ. ಒಳಗಿನ ಅಸ್ತರು ಶಾಮಿ ಚರ್ಮ, ಕಾರು ಒರೆಸೋಕೆ ಬಳಸುತ್ತಾರಲ್ಲ ಆ ಜಾತಿಯ ತೆಳು, ಹಳದಿ ಚರ್ಮ. ಅದೂ ಟೈಪ್ ಸಿಗೆ ಸರಿಯಾಗಿ ಹೊಂದುತ್ತೆ.

ಬೆಂಗಳೂರಲ್ಲಿ ಸಿಕ್ಕಿದ್ದು ಅಂದಮೇಲೆ ಇನ್ನೊಂದು ಸಾಧ್ಯತೆಯನ್ನೂ ನೋಡಲೇಬೇಕಿತ್ತು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇವತ್ತಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಯುದ್ಧ ಮುಗಿಯೋವರೆಗೆ ಅಲ್ಲಿ ನಡೆದಿದ್ದು ಅಮೆರಿಕನ್ ವಿಮಾನಗಳ ರಿಪೇರಿ, ಓವರ್‌ಹಾಲ್. ಅವರ ಜೊತೆ ಅವರ ಟೋಪಿಗಳೂ ಇಲ್ಲಿ ಓಡಾಡಿರುತ್ತವೆ. ಅಮೆರಿಕದ ಎ-11 ಟೋಪಿಯೂ ಕಂದು ಚರ್ಮದ್ದೇ, ಅದಕ್ಕೂ ಶಾಮಿ ಅಸ್ತರು, ಅದಕ್ಕೂ ರಬ್ಬರ್ ಕಿವಿ. ದೂರದಿಂದ ನೋಡಿದರೆ ಅಣ್ಣತಮ್ಮಂದಿರೇ. ಆದರೆ ಅದರ ಒಳಗಿನ ಚೀಟಿಯಲ್ಲಿ ಟೈಪ್ ಎ-11 ಅಂತ ಬರೆದಿರುತ್ತೆ. ಬ್ರಿಟಿಷ್ ಸಾಮಾನಿನ ಸಂಖ್ಯೆ ಹಾಕುವ ರೀತಿಯೇ ಬೇರೆ. ಹಾಗಾಗಿ ಚೀಟಿ ಓದದೆ ತೀರ್ಮಾನ ಇಲ್ಲ.

ಚೀಟಿ ಇತ್ತು, ಓದೋಕೆ ಆಗುತ್ತಿರಲಿಲ್ಲ. ಅಸ್ತರಿನ ಹಿಂಭಾಗಕ್ಕೆ ಹೊಲಿದ ಬಟ್ಟೆ ತುಂಡು, ಬೆವರು ಕುಡಿದು ಚಹಾ ಬಣ್ಣಕ್ಕೆ ತಿರುಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಓದಬಹುದು ಅನ್ನಿಸುತ್ತೆ, ಆದರೆ ಒರೆಸಿದರೆ ಶಾಯಿಯೂ ಬರುತ್ತೆ. ನಾನು ಮಾಡಿದ್ದು ಇಷ್ಟೇ: ರೂಮಿನ ಲೈಟು ಆರಿಸಿ, ಟಾರ್ಚನ್ನು ಬಟ್ಟೆಗೆ ಹೆಚ್ಚುಕಡಿಮೆ ತಾಗಿಸಿ ಅಡ್ಡಡ್ಡ ಬೆಳಕು ಬಿಟ್ಟು, ನಾಲ್ಕೂ ಕಡೆಯಿಂದ ಮೊಬೈಲಲ್ಲಿ ಫೋಟೋ ತೆಗೆದೆ. ಆಮೇಲೆ ಫೋಟೋವನ್ನು ಕಪ್ಪುಬಿಳುಪು ಮಾಡಿ ನೀಲಿ ಬಣ್ಣದ ಪಾಲನ್ನು ಮಾತ್ರ ಉಳಿಸಿಕೊಂಡು ಕಾಂಟ್ರಾಸ್ಟ್ ಏರಿಸಿದೆ. ಮೇಲ್ಸಾಲಿನಲ್ಲಿ ಟೈಪ್ ಅನ್ನುವ ಪದದ ಬಾಲ, ಅದರ ಪಕ್ಕ ಒಂದು ಸಿ. ಕೆಳಗೆ 22ಸಿ ಅಂತ ಶುರುವಾಗುವ ಸಂಖ್ಯೆ, ಉಳಿದದ್ದು ಸವೆದಿದೆ. ಪಕ್ಕದಲ್ಲಿ ಶಾಮಿ ಮೇಲೆ ಒತ್ತಿದ ಮುದ್ರೆ, ಪುಟ್ಟ ಕಿರೀಟ, ಅದರ ಕೆಳಗೆ ಎ ಮತ್ತು ಎಂ. ಅಷ್ಟು ಸಾಕು. ಬ್ರಿಟಿಷ್ ಏರ್ ಮಿನಿಸ್ಟ್ರಿಯ ಉಗ್ರಾಣದಲ್ಲಿ 22ಸಿ ಅಂದರೆ ಹಾರಾಟದ ಉಡುಪಿನ ವಿಭಾಗ. ಕಿರೀಟದ ಜೊತೆಗಿನ ಎ-ಎಂ ಅದೇ ಮಿನಿಸ್ಟ್ರಿಯ ಗುರುತು. ಅಮೆರಿಕದ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಕಿವಿ. ಬಲಗಿವಿಯ ಬಟ್ಟಲಿನಲ್ಲಿ ರಿಸೀವರ್, ಅಂದರೆ ರೇಡಿಯೋ ಮಾತು ಕೇಳಿಸುವ ಪುಟ್ಟ ಸ್ಪೀಕರು, ಇನ್ನೂ ಕೂತಿತ್ತು. ಹಲ್ಲಿ ಮೊಟ್ಟೆ, ಧೂಳು ಎಲ್ಲ ಪಕ್ಕಕ್ಕೆ ಸರಿಸಿದಾಗ ಅದರ ಬೆನ್ನ ಮೇಲೆ 10ಎ ಅಂತ ಶುರುವಾಗುವ ಸಂಖ್ಯೆ. 10ಎ ಅಂದರೆ ರೇಡಿಯೋ ಸಾಮಾನು. ಎಡಗಿವಿ ಖಾಲಿ. ವೈರು ಟೋಪಿಯ ಹೊರಗಿನಿಂದ ಹಾದುಹೋಗಿದೆ, ಬಟ್ಟೆ ಸುತ್ತಿದ ಕಂದು ವೈರು. ಇದು ಮುಖ್ಯ. ಯುದ್ಧದ ಕೊನೆಕೊನೆಗೆ ಬಂದ ಟೈಪ್ ಸಿ ಟೋಪಿಗಳಲ್ಲಿ ವೈರನ್ನು ಚರ್ಮ ಮತ್ತು ಅಸ್ತರಿನ ನಡುವೆ ಒಳಗೇ ಇಟ್ಟು ಹೊಲಿಯುತ್ತಿದ್ದರು. ಹೊರಗೆ ವೈರು ಇದ್ದರೆ ಅದು ಮೊದಲಿನ ಮಾದರಿ. ಒಳಗೆ ವೈರು ಹಾದುಹೋಗೋಕೆ ಜಾಗ ಬಿಟ್ಟಿದ್ದಾರಾ ಅಂತ ಬೆರಳಲ್ಲಿ ಅಸ್ತರನ್ನು ಮೆಲ್ಲಗೆ ತಡವಿ ನೋಡಿದೆ, ಏನೂ ಇಲ್ಲ.

ನಕಲಿ ಇರಬಹುದಾ? ಇಂಥ ಟೋಪಿಗಳ ನಕಲು ಸಿನಿಮಾಕ್ಕೆ, ಬೈಕ್ ಸವಾರರಿಗೆ ಅಂತ ಬೇಕಾದಷ್ಟು ತಯಾರಾಗುತ್ತವೆ. ಅದಕ್ಕೆ 365 ನ್ಯಾನೋಮೀಟರ್ ಯುವಿ ಟಾರ್ಚು ಒಳ್ಳೇ ಸಾಧನ, ಈಗ ಕಡಿಮೆ ಬೆಲೆಗೇ ಸಿಗುತ್ತೆ. ಈಗಿನ ಬಿಳಿ ದಾರ, ಬಟ್ಟೆಗಳಲ್ಲಿ ಹೊಳಪು ಕೊಡುವ ರಾಸಾಯನಿಕ ಇರುತ್ತೆ, ಯುವಿ ಬಿದ್ದರೆ ನೀಲಿಯಾಗಿ ಬೆಳಗುತ್ತೆ. ಅದು ಎಲ್ಲ ಕಡೆ ಬಳಕೆಗೆ ಬಂದಿದ್ದು ಯುದ್ಧ ಮುಗಿದ ಮೇಲೆ. ಕತ್ತಲಲ್ಲಿ ಟಾರ್ಚು ಹಾಕಿದಾಗ ಚೀಟಿ ಮಂಕಾಗೇ ಇತ್ತು, ಹೊಲಿಗೆಗಳೆಲ್ಲ ಮಂಕು. ಆದರೆ ಗಲ್ಲಪಟ್ಟಿಯ ಬುಡದಲ್ಲಿ ಬೆರಳುದ್ದದ ಒಂದು ಹೊಲಿಗೆ ಮಾತ್ರ ಟ್ಯೂಬ್‌ಲೈಟಿನ ಹಾಗೆ ಹೊಳೆಯಿತು. ಭೂತಗನ್ನಡಿಯಲ್ಲಿ ನೋಡಿದರೆ ಕೈಹೊಲಿಗೆ, ಅಂತರ ಒಂದೇ ಸಮ ಇಲ್ಲ, ಹಳೇ ತೂತು ಬಿಟ್ಟು ಪಕ್ಕದಲ್ಲಿ ಹೊಸ ತೂತು. ಪಟ್ಟಿ ಕಿತ್ತುಹೋದಾಗ ಯಾರೋ ಮನೆಯ ದಾರದಲ್ಲೇ ಹೊಲಿದಿದ್ದಾರೆ. ಒಂದು ಎಚ್ಚರ: ಸೋಪಿನ ಪುಡಿಯಲ್ಲಿ ಒಗೆದ ಹಳೇ ಬಟ್ಟೆಯೂ ಹೀಗೇ ಬೆಳಗುತ್ತೆ. ಹಾಗಾಗಿ ಯುವಿ ಒಂದನ್ನೇ ನಂಬಿ ತೀರ್ಪು ಕೊಡಬಾರದು. ಇಲ್ಲಿ ಚರ್ಮ, ಪಟ್ಟಿ, ಚೀಟಿ ಯಾವುದೂ ಬೆಳಗದೆ ದಾರ ಮಾತ್ರ ಬೆಳಗಿತು, ಅದರಿಂದ ಅನುಮಾನ ಉಳಿಯಲಿಲ್ಲ.

ಆ ಹೊಲಿಗೆಯಿಂದ ಇನ್ನೊಂದು ವಿಷಯ ಗೊತ್ತಾಗುತ್ತೆ. ಯುದ್ಧ ಮುಗಿದ ಮೇಲೂ ಯಾರಿಗೋ ಈ ಟೋಪಿ ಬೇಕಾಗಿತ್ತು. ಅಟ್ಟಕ್ಕೆ ಹಾಕೋ ಸಾಮಾನಿನ ಗಲ್ಲಪಟ್ಟಿಯನ್ನ ಯಾರೂ ಕೂತು ಹೊಲಿಯಲ್ಲ, ಅಲ್ವಾ? ಟೈಪ್ ಸಿ 1950ರ ದಶಕದಲ್ಲೂ ಬಳಕೆಯಲ್ಲಿತ್ತು. ಜಕ್ಕೂರಿನ ಸರ್ಕಾರಿ ಫ್ಲೈಯಿಂಗ್ ಸ್ಕೂಲು ಶುರುವಾಗಿದ್ದು 1948ರಲ್ಲಿ. ತೆರೆದ ಕಾಕ್‌ಪಿಟ್ಟಿನ ಟೈಗರ್ ಮಾತ್ ವಿಮಾನದಲ್ಲಿ ಕಲಿಯುವವರಿಗೆ ಚರ್ಮದ ಟೋಪಿ ಬೇಕೇ ಬೇಕು. ಇನ್ನೊಂದು ಕಡೆ, ಯಲಹಂಕದಲ್ಲಿ 1944ರಲ್ಲಿ ಹರಿಕೇನ್ ಫೈಟರ್ ವಿಮಾನ ಹಾರಿಸುತ್ತಿದ್ದ ಪೈಲಟ್‌ಗಳಿಗೆ ಥಂಡರ್‌ಬೋಲ್ಟ್ ಅನ್ನುವ ಇನ್ನೊಂದು ಫೈಟರ್‌ನ ತರಬೇತಿ ಕೊಡುತ್ತಿದ್ದರು, ಅಲ್ಲಿಂದಲೂ ಬಂದಿರಬಹುದು. ಎರಡಕ್ಕೂ ಟೋಪಿಯಲ್ಲಿ ಪುರಾವೆ ಇಲ್ಲ. ಬಾಂಬರ್‌ನ ಗನ್ನರ್, ನ್ಯಾವಿಗೇಟರ್, ಫೈಟರ್ ಪೈಲಟ್, ಎಲ್ಲರ ತಲೆ ಮೇಲೂ ಇದೇ ಟೋಪಿ. ಹಾಗಾಗಿ ನಾನು ಬರೆದುಕೊಟ್ಟ ಚೀಟಿ ಹೀಗಿದೆ: "ಟೈಪ್ ಸಿ, ಮೊದಲ ಮಾದರಿ, ಹೊರ ವೈರು, 1941ರ ನಂತರದ ತಯಾರಿಕೆ, ಯುದ್ಧದ ನಂತರ ಕೈಯಿಂದ ರಿಪೇರಿ." ಫೈಟರ್ ಪೈಲಟ್ ಅಂತ ಬರೆಯಲಿಲ್ಲ. ಗೆಳೆಯನಿಗೆ ಸ್ವಲ್ಪ ಬೇಜಾರಾಯಿತು. ಅವನ ಅಪ್ಪ ಮಾತ್ರ "ಜಕ್ಕೂರಾದರೆ ಇನ್ನೂ ಒಳ್ಳೇದಾಯ್ತು, ನಮ್ಮ ಚಿಕ್ಕಪ್ಪ ಅಲ್ಲಿ ಕೆಲಸದಲ್ಲಿದ್ರು" ಅಂದರು. ಅದನ್ನೂ ಬೇರೆ ಹಾಳೆಯಲ್ಲಿ, ಮನೆಯವರು ಹೇಳಿದ್ದು ಅಂತಲೇ, ಬರೆದಿಟ್ಟೆ.

ಇನ್ನು ಕೈಕೆಲಸ. ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದಿದ್ದು ಆ ಬಿಳಿ ಕಲೆ.

ಚರ್ಮದ ಮೇಲಿನ ಬಿಳಿ ಎಲ್ಲವೂ ಬೂಷ್ಟಲ್ಲ. ಚರ್ಮ ಹದ ಮಾಡುವಾಗ ಸೇರಿಸಿದ ಕೊಬ್ಬು, ಮೇಣ ಕಾಲ ಕಳೆದಂತೆ ಮೇಲೆ ಬಂದು ಬೆಳ್ಳಗೆ ಕೂರುವುದೂ ಉಂಟು. ಎರಡನ್ನೂ ಬೇರೆ ಮಾಡಲು ಒಂದು ಸುಲಭದ ದಾರಿ ಇದೆ. ಭೂತಗನ್ನಡಿಯಲ್ಲಿ ನೋಡಿ. ಬೂಷ್ಟಾದರೆ ನೂಲುನೂಲಾಗಿ, ಹತ್ತಿಯ ಎಳೆ ಥರ ಎದ್ದಿರುತ್ತೆ. ಕೊಬ್ಬಾದರೆ ಮೇಣದ ಪದರ ಇಲ್ಲವೇ ಹರಳು. ಇನ್ನೂ ಅನುಮಾನ ಇದ್ದರೆ ಹಲ್ಲುಕಡ್ಡಿಯಲ್ಲಿ ಚೂರು ಕೆರೆದು ಸ್ಟೀಲ್ ಚಮಚದ ಮೇಲಿಟ್ಟು ಚಮಚದ ಕೆಳಗೆ ಬಿಸಿ ತೋರಿಸಿ, ಕೊಬ್ಬಾದರೆ ಕರಗಿ ಮಾಯವಾಗುತ್ತೆ, ಬೂಷ್ಟು ಹಾಗೇ ಇರುತ್ತೆ. ಬಿಸಿಯನ್ನ ಟೋಪಿಗೇ ತೋರಿಸಬೇಡಿ. ಹಳೇ ಚರ್ಮ, ಅದರಲ್ಲೂ ಶಾಮಿ, ಸ್ವಲ್ಪ ಶಾಖಕ್ಕೇ ಮುದುಡಿಬಿಡಬಹುದು, ಮತ್ತೆ ಬಿಡಿಸೋಕೆ ಬರಲ್ಲ. ಇಲ್ಲಿ ನೆತ್ತಿಯ ಮೇಲಿದ್ದುದು ಕೊಬ್ಬು, ಕುತ್ತಿಗೆಯ ಅಂಚಿನಲ್ಲಿ ಮತ್ತು ಅಸ್ತರಿನಲ್ಲಿ ಇದ್ದುದು ನಿಜವಾದ ಬೂಷ್ಟು.

ಕೊಬ್ಬನ್ನು ಒಣ ಹತ್ತಿಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕಾಯಿತು. ಬೂಷ್ಟಿಗೆ ಮೊದಲು ಟೋಪಿಯನ್ನು ಒಣ ರೂಮಿನಲ್ಲಿ ಫ್ಯಾನ್ ಗಾಳಿ ನೇರ ತಾಗದ ಹಾಗೆ ಇಟ್ಟು ಬೂಷ್ಟು ಒಣಗಿ ಪುಡಿಯಾಗಲು ಬಿಟ್ಟೆ. ಹಸಿ ಬೂಷ್ಟನ್ನು ಉಜ್ಜಿದರೆ ಚರ್ಮದ ಒಳಕ್ಕೇ ಹೋಗುತ್ತೆ. ಬಿಸಿಲಿಗೆ ಇಡುವ ನಮ್ಮ ಮನೆಗಳ ಅಭ್ಯಾಸ ಇಲ್ಲಿ ಬೇಡ, ರಬ್ಬರಿಗೂ ಚರ್ಮಕ್ಕೂ ಅದು ಕೆಟ್ಟದ್ದು. ಒಣಗಿದ ಮೇಲೆ ಮೇಕಪ್‌ಗೆ ಬಳಸುವ ಮೆತ್ತನೆ ಬ್ರಷ್ಷಿನಿಂದ ಗುಡಿಸುತ್ತಾ, ತೀರಾ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸೊಳ್ಳೆಪರದೆ ತುಂಡು ಕಟ್ಟಿ ಪಕ್ಕದಲ್ಲೇ ಹಿಡಿದುಕೊಂಡೆ. ಸ್ಪಿರಿಟ್ ಹಚ್ಚಬಹುದಾ ಅಂತ ಕೇಳುವವರಿಗೆ: ಬಣ್ಣ ಹಾಕಿದ ಚರ್ಮದ ಮೇಲೆ ಸ್ಪಿರಿಟ್ ಬಣ್ಣವನ್ನೂ ಎಬ್ಬಿಸುತ್ತೆ. ಕಾಣದ ಮೂಲೆಯಲ್ಲಿ ಇಯರ್‌ಬಡ್ಡಿನಿಂದ ಮುಟ್ಟಿ ನೋಡಿದಾಗ ಬಡ್ ಕಂದಾಯಿತು. ಅಲ್ಲಿಗೆ ಆ ಯೋಚನೆ ಬಿಟ್ಟೆ. ಹಣೆಯ ಭಾಗದ ಅಸ್ತರಿನಲ್ಲಿ ಬೆವರಿನ ಕಪ್ಪು ಗೆರೆ ಇದೆ. ಅದನ್ನು ಮುಟ್ಟಲಿಲ್ಲ. ಯಾರೋ ಇದನ್ನು ನಿಜವಾಗಿ ಹಾಕಿಕೊಂಡಿದ್ದರು ಅನ್ನೋಕೆ ಇರುವ ಸಾಕ್ಷಿ ಅದೊಂದೇ.

ಕಿಲುಬಿನ ಕಥೆ ಬೇರೆ. ಹಿತ್ತಾಳೆಯ ಟಿಚ್ ಬಟನ್‌ನಲ್ಲಿರುವ ತಾಮ್ರ, ಚರ್ಮದಲ್ಲಿರುವ ಕೊಬ್ಬಿನ ಆಮ್ಲದ ಜೊತೆ ಸೇರಿ ಈ ಹಸಿರು ಮೇಣ ಹುಟ್ಟುತ್ತೆ. ಅದಕ್ಕೇ ಹೇಳುವುದು, ಎಣ್ಣೆ ಹಚ್ಚಿದಷ್ಟೂ ಕಿಲುಬು ಜಾಸ್ತಿ. ಬಿದಿರಿನ ಹಲ್ಲುಕಡ್ಡಿಯ ತುದಿಯನ್ನು ಉಳಿ ಥರ ಚಪ್ಪಟೆ ಕತ್ತರಿಸಿಕೊಂಡು ಬಟನ್ನಿನ ಸುತ್ತ ಮೆಲ್ಲಗೆ ಎತ್ತಿದರೆ ಚಕ್ಕೆಚಕ್ಕೆಯಾಗಿ ಬರುತ್ತೆ. ಕೆಳಗಿನ ಬಿಳಿ ಹಾಳೆ ಬೇಕಾಗಿದ್ದು ಇದಕ್ಕೆ, ಹಸಿರು ಚೂರು ಚರ್ಮಕ್ಕೆ ಮತ್ತೆ ಅಂಟಬಾರದು. ಹಿತ್ತಾಳೆ ಪಾಲಿಶ್ ಬಳಸಬೇಡಿ, ಅದು ಹೊಲಿಗೆಯ ಸಂದಿಗೆ ಇಳಿದು ಬೆಳ್ಳಗೆ ಗಟ್ಟಿಯಾಗುತ್ತೆ, ಬಟನ್ನಿನ ಮೇಲಿನ ಹಳೇ ಬಣ್ಣವೂ ಹೋಗುತ್ತೆ. ಕೊನೆಯಲ್ಲಿ ಪ್ರತಿ ಬಟನ್ನಿನ ಅಂಚಿಗೂ ಚರ್ಮಕ್ಕೂ ನಡುವೆ ಪಾಲಿಯೆಸ್ಟರ್ ಹಾಳೆಯ ಪುಟ್ಟ ಬಳೆ ಕತ್ತರಿಸಿ ತೂರಿಸಿದೆ. ಪಾರದರ್ಶಕ ಆದ್ದರಿಂದ ಕಣ್ಣಿಗೆ ಬೀಳಲ್ಲ.

ಗಾಗಲ್ಸ್ ಪಟ್ಟಿಗಳನ್ನು ಮುಟ್ಟಿದರೆ ಬೆರಳಿಗೆ ಕೆಂಪು ಪುಡಿ. ಇದಕ್ಕೆ ರೆಡ್ ರಾಟ್ ಅನ್ನುತ್ತಾರೆ. ಮರದ ತೊಗಟೆಯಿಂದ ಹದ ಮಾಡಿದ ಚರ್ಮ ಗಾಳಿಯಲ್ಲಿನ ಗಂಧಕದ ಹೊಗೆ ಹೀರಿ, ಒಳಗೇ ಆಮ್ಲವಾಗಿ, ನಾರೇ ಪುಡಿಯಾಗುವ ರೋಗ. ಎಣ್ಣೆ ಇದನ್ನು ವಾಸಿ ಮಾಡಲ್ಲ, ಕಪ್ಪು ಕೆಸರು ಮಾಡುತ್ತೆ. ಆಗಿದ್ದನ್ನು ಹಿಂದಕ್ಕೆ ತರೋಕಾಗಲ್ಲ, ಪುಡಿ ಉದುರದ ಹಾಗೆ ಹಿಡಿದಿಡಬಹುದು ಅಷ್ಟೇ. ಕ್ಲುಸೆಲ್ ಜಿ ಅನ್ನುವ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಶೇ. 1ರಷ್ಟು ಕರಗಿಸಿ, ಸಣ್ಣ ಬ್ರಷ್ಷಿನಲ್ಲಿ ಪಟ್ಟಿಗಳಿಗೆ ಮಾತ್ರ ಹಚ್ಚಿದೆ. ಸ್ಪಿರಿಟ್ಟಿಗೆ ಬಣ್ಣ ಏಳುವುದು ಟೋಪಿಯ ಚರ್ಮದಲ್ಲಿ. ಪಟ್ಟಿಯ ಚರ್ಮವೇ ಬೇರೆ, ಅದರ ಹಿಂಬದಿಯಲ್ಲಿ ಪರೀಕ್ಷೆ ಮಾಡಿಯೇ ಮುಂದುವರಿದಿದ್ದು. ಹಚ್ಚಿದಾಗ ಸ್ವಲ್ಪ ಗಾಢವಾಗಿ, ಒಣಗಿದ ಮೇಲೆ ಮೊದಲಿನ ಬಣ್ಣಕ್ಕೇ ಬಂತು. ಈಗ ಬೆರಳಿಗೆ ಪುಡಿ ಹತ್ತಲ್ಲ.

ಶಿವಾಜಿನಗರದಲ್ಲಿ ಬ್ಯಾಗ್ ರಿಪೇರಿ ಮಾಡುವ ಭಾಯ್ ಒಬ್ಬರಿಗೆ ಫೋಟೋ ತೋರಿಸಿದ್ದೆ, ನೆತ್ತಿಯ ಹೊಲಿಗೆ ಎರಡು ಇಂಚು ಬಿಟ್ಟಿತ್ತಲ್ಲ, ಅದಕ್ಕೆ ಸಲಹೆ ಕೇಳೋಕೆ. "ಮೆಷಿನ್ ಹಾಕಬೇಡಿ ಸಾರ್, ಹಳೇ ತೂತಲ್ಲೇ ಸೂಜಿ ಹೋಗ್ಲಿ, ದಬ್ಬಣ ಮುಟ್ಟಲೇಬೇಡಿ" ಅಂದರು. ಇದಕ್ಕಿಂತ ಒಳ್ಳೇ ಸಲಹೆ ನಾನು ಯಾವ ಪುಸ್ತಕದಲ್ಲೂ ನೋಡಿಲ್ಲ. ಮೊಂಡು ತುದಿಯ ಸೂಜಿ, ಹತ್ತಿ ದಾರ. ದಾರ ಚರ್ಮಕ್ಕಿಂತ ದುರ್ಬಲ ಇರಬೇಕು. ನಾಳೆ ಎಳೆತ ಬಿದ್ದರೆ ದಾರ ಹರಿಯಲಿ, ಚರ್ಮ ಹರಿಯಬಾರದು. ನೈಲಾನ್ ದಾರ ಚರ್ಮವನ್ನೇ ಕೊಯ್ದುಬಿಡುತ್ತೆ. ಹಳೇ ತೂತುಗಳಲ್ಲೇ ಹೋಗಿ, ಎಳೆದು ಬಿಗಿಯದೆ, ಅಂಚುಗಳು ಪಕ್ಕಪಕ್ಕ ಕೂರುವಷ್ಟು ಮಾತ್ರ ಹೊಲಿದೆ. ಗಲ್ಲಪಟ್ಟಿಯ ಮನೆಹೊಲಿಗೆಯನ್ನು ಬಿಚ್ಚಲಿಲ್ಲ.

ರಬ್ಬರ್ ಬಟ್ಟಲುಗಳಿಗೆ ಏನೂ ಮಾಡಲಿಲ್ಲ. ಎಡಗಡೆಯದು ಹಪ್ಪಳದ ಹಾಗೆ ಗಟ್ಟಿ, ಅಂಚಿನಲ್ಲಿ ಬಿರುಕು. ಗ್ಲಿಸರಿನ್, ಸಿಲಿಕೋನ್ ಸ್ಪ್ರೇ ಅಂತೆಲ್ಲ ಹೇಳುವವರಿದ್ದಾರೆ. ಆಮ್ಲಜನಕ, ಓಝೋನ್, ಬೆಳಕು ಸೇರಿ ಒಳಗೇ ಬದಲಾಗಿಹೋದ ರಬ್ಬರನ್ನು ಮೇಲೆ ಹಚ್ಚಿದ ಯಾವುದೂ ಮೆತ್ತಗೆ ಮಾಡಲ್ಲ, ಹೊಳಪು ಬರುತ್ತೆ ಅಷ್ಟೇ, ಜೊತೆಗೆ ಧೂಳು ಅಂಟುತ್ತೆ. ಖಾಲಿ ಬಟ್ಟಲಿನೊಳಗೆ ಪಾಲಿಯೆಸ್ಟರ್ ಹತ್ತಿಯ ಉಂಡೆ ಇಟ್ಟೆ, ಆಕಾರ ಕುಸಿಯದಿರಲಿ ಅಂತ. ತುಂಡಾದ ವೈರಿಗೆ ಹೊಸ ವೈರು ಸೇರಿಸಲಿಲ್ಲ, ತುದಿಗೆ ಹತ್ತಿ ಟೇಪು ಕಟ್ಟಿದೆ. ಎಡಗಿವಿಗೆ ಬೇರೆ ರಿಸೀವರ್ ತರಿಸಿ ಕೂರಿಸೋಣ ಅಂತ ಗೆಳೆಯ ಕೇಳಿದ. ಬೇಕಾದರೆ ತರಿಸಿ ಪಕ್ಕದಲ್ಲಿ ಇಡು, ಟೋಪಿಯೊಳಗೆ ಬೇಡ ಅಂದೆ. ನಾಳೆ ಇನ್ಯಾರೋ ನೋಡಿದರೆ ಎರಡೂ ಮೂಲದ್ದೇ ಅಂದುಕೊಳ್ಳುತ್ತಾರೆ.

ಹುಳದ ಅನುಮಾನವೂ ಇತ್ತು, ಶಾಮಿಯಲ್ಲಿ ಸಣ್ಣ ಕೊರೆತ ಕಾಣುತ್ತಿತ್ತು. ಸಾಮಾನ್ಯವಾಗಿ ಇಂಥದ್ದನ್ನು ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಡೀಪ್ ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಎರಡು ವಾರ ಇಡುತ್ತಾರೆ. ಬಿರುಕು ಬಿಟ್ಟ ರಬ್ಬರ್ ಇರುವಾಗ ನನಗೆ ಧೈರ್ಯ ಬರಲಿಲ್ಲ. ಬದಲಿಗೆ ಪಾರದರ್ಶಕ ಚೀಲದಲ್ಲಿ ಬಿಳಿ ಹಾಳೆ ಮೇಲಿಟ್ಟು ಕಾದೆ. ಹೊಸ ಪುಡಿ ಏನೂ ಉದುರಲಿಲ್ಲ, ಅಂದರೆ ಹುಳ ಎಂದೋ ತಿಂದು ಹೋಗಿದೆ. ನುಸಿಗುಳಿಗೆ ಹಾಕಬೇಡಿ. ಅದರ ಆವಿ ಆರೋಗ್ಯಕ್ಕೂ ಒಳ್ಳೇದಲ್ಲ, ಸಾಮಾನಿನ ಮೇಲೆ ಮತ್ತೆ ಹರಳಾಗಿಯೂ ಕೂರುತ್ತೆ.

ಇಡುವುದು ಹೇಗೆ ಅನ್ನೋದೇ ಅರ್ಧ ಕೆಲಸ. ಗಂಜಿ ಹೋಗುವ ಹಾಗೆ ಬರೀ ನೀರಲ್ಲಿ ಒಗೆದ ಮಲ್ ಬಟ್ಟೆಯ ಚೀಲದಲ್ಲಿ ಪಾಲಿಯೆಸ್ಟರ್ ಹತ್ತಿ ತುಂಬಿ, ತಲೆಗಿಂತ ಸ್ವಲ್ಪ ಚಿಕ್ಕದಾದ ದಿಂಬು ಮಾಡಿ ಒಳಗಿಟ್ಟೆ. ನ್ಯೂಸ್‌ಪೇಪರ್ ತುರುಕುವುದು ಬೇಡ, ಅದರಲ್ಲಿ ಆಮ್ಲ ಇರುತ್ತೆ, ಶಾಯಿಯೂ ಹತ್ತುತ್ತೆ. ಹೊರಗಿನ ಡಬ್ಬ ಪಾಲಿಪ್ರೊಪಿಲೀನಿನದು, ಒಳಗೆ ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರು. ಬೆಂಗಳೂರಿನ ಮಳೆಗಾಲದಲ್ಲಿ ಬೆಳಗಿನ ಹೊತ್ತು ತೇವಾಂಶ ಶೇ. 80 ದಾಟುವುದು ಮಾಮೂಲು, ಶೇ. 65 ದಾಟಿದರೆ ಬೂಷ್ಟಿಗೆ ಹಬ್ಬ. ಮೀಟರು 45ರಿಂದ 55ರ ನಡುವೆ ಇರುವ ಹಾಗೆ ಸಿಲಿಕಾ ಜೆಲ್ ಚೀಲಗಳನ್ನು ಹಾಕುತ್ತಾ ತೆಗೆಯುತ್ತಾ ಸರಿಮಾಡಿದೆ. ಜಾಸ್ತಿ ಹಾಕಿದರೆ ಚರ್ಮ ಒಣಗಿ ಸೆಟೆಯುತ್ತೆ, ಅದೂ ತೊಂದರೆಯೇ. ಹಳೇ ರಬ್ಬರ್ ಗಂಧಕದ ಆವಿ ಬಿಡುತ್ತೆ, ಅದು ಹಿತ್ತಾಳೆಯನ್ನು ಕಪ್ಪು ಮಾಡುತ್ತೆ. ಅದಕ್ಕೆ ಒಂದು ಪೊಟ್ಟಣ ಆಕ್ಟಿವೇಟೆಡ್ ಚಾರ್‌ಕೋಲ್ ಕೂಡ ಇಟ್ಟು, ತಿಂಗಳಿಗೊಮ್ಮೆ ಒಣ ದಿನ ನೋಡಿ ಮುಚ್ಚಳ ತೆಗೆಯಿರಿ ಅಂತ ಹೇಳಿದ್ದೇನೆ. ನಿಮ್ಮ ಹತ್ತಿರ ಇರುವ ಟೋಪಿ ಇದಕ್ಕಿಂತ ಹಾಳಾಗಿದ್ದರೆ, ಚರ್ಮವೇ ಪದರ ಬಿಡುತ್ತಿದ್ದರೆ, ಮನೆಯಲ್ಲಿ ಕೈ ಹಾಕಬೇಡಿ. ಹಳೇ ಕಟ್ಟಡ, ಕಲಾವಸ್ತು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲೇ ಇದೆ, ಅಲ್ಲಿ ಕೇಳಿ.

ಗಾಜಿನ ಡಬ್ಬದ ಆಸೆಯನ್ನು ಪೂರ್ತಿ ಬಿಡಿಸೋಕೆ ನನ್ನಿಂದ ಆಗಲಿಲ್ಲ. ಕೊನೆಗೆ ಒಪ್ಪಂದಕ್ಕೆ ಬಂದಿದ್ದು ಹೀಗೆ: ಹಬ್ಬಕ್ಕೋ ನೆಂಟರು ಬಂದಾಗಲೋ ಒಂದೆರಡು ದಿನ ಹಾಲ್‌ನಲ್ಲಿ, ಕಿಟಕಿಯ ಬೆಳಕು ಬೀಳದ ಗೋಡೆಯ ಕಡೆ, ಒಳಗೆ ಬಲ್ಬ್ ಇಲ್ಲದೆ. ಉಳಿದ ದಿನ ಮಲಗುವ ಕೋಣೆಯ ಬೀರುವಿನ ಮಧ್ಯದ ಅರೆಯಲ್ಲಿ. ಅಟ್ಟ ಬೇಡ, ಬಾತ್‌ರೂಮಿನ ಗೋಡೆಗೆ ತಾಗಿದ ಬೀರು ಬೇಡ. ಆಂಟಿ ಹರಳೆಣ್ಣೆ ಬಾಟಲಿಯನ್ನು ವಾಪಸ್ ಒಳಗೆ ಇಟ್ಟಿದ್ದಾರೆ, ಆದರೆ ಆ ದಿಂಬಿಗೆ ಒಂದು ರೇಷ್ಮೆ ಕವರ್ ಹೊಲಿಯಲಾ ಅಂತ ಕೇಳುತ್ತಿದ್ದಾರೆ. ಬಣ್ಣ ಬಿಡದ ಬಟ್ಟೆಯಾದರೆ ಆಗಬಹುದು, ಒದ್ದೆ ಹತ್ತಿಯಲ್ಲಿ ಉಜ್ಜಿ ನೋಡಿ ಹೇಳುತ್ತೇನೆ ಅಂದಿದ್ದೇನೆ.